ಫಾರ್ವರ್ಡ್ ಆಡುತ್ತಿದ್ದ ಮಗನನ್ನು ಹಿಂದೆ ನಿಲ್ಲಿಸಿದ್ದಾರೆ, ಡಿಫೆಂಡರ್ ಆದರೆ ಮುಂದೇನು?

ಪ್ರಶ್ನೆ: ಸರ್, ನನ್ನ ಮಗನಿಗೆ 15 ವರ್ಷ. ಹತ್ತನೇ ಕ್ಲಾಸು. ಆರನೇ ಕ್ಲಾಸಿನಿಂದ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಡುತ್ತಿದ್ದ, ಗೋಲೂ ಹೊಡೆಯುತ್ತಿದ್ದ. ಈ ವರ್ಷ ಕೋಚ್ ಅವನನ್ನು ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಮಾಡಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ. ಎತ್ತರ 5 ಅಡಿ 7 ಇಂಚು. ದೊಡ್ಡ ಕ್ಲಬ್ಬಿಗೆ ಆಡಬೇಕು ಅಂತ ಆಸೆ. ಡಿಫೆಂಡರ್‌ಗೆ ಹೆಸರೂ ಇಲ್ಲ, ದುಡ್ಡೂ ಇಲ್ಲ ಅಂತ ಗೆಳೆಯರು ಹೇಳಿದ್ದಾರಂತೆ. ಅವನ ಅಪ್ಪ ಪಿಯುಸಿ ಸೈನ್ಸ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ತಲೆಯಿಂದ ಚೆಂಡು ಹೊಡೆದರೆ ಮೆದುಳಿಗೆ ಪೆಟ್ಟು ಅಂತ ಎಲ್ಲೋ ಓದಿದೆ, ಅದೊಂದು ಹೆದರಿಕೆ. ಇದರ ಮೇಲೆ ಒಬ್ಬರು ಬಂದು, ದೊಡ್ಡ ಕ್ಲಬ್ಬಿನ ಟ್ರಯಲ್ಸ್‌ಗೆ ಸೇರಿಸುತ್ತೇನೆ, ಮೊದಲು ಹಣ ಕಟ್ಟಿ ಅಂತಿದ್ದಾರೆ. ಏನು ಮಾಡಲಿ?
ಅನಗೋಳದ ಒಬ್ಬ ತಾಯಿ, ಬೆಳಗಾವಿ

ಉತ್ತರ: ಅಕ್ಕಾ, ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಣ ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಈಗ ಹುಡುಗನ ವಿಷಯ. ಅವನನ್ನು ಹಿಂದೆ ನಿಲ್ಲಿಸಿದ್ದು ಶಿಕ್ಷೆ ಅಂತ ಅವನು ತಿಳಿದಿದ್ದಾನೆ. ನಮ್ಮ ಶಾಲೆಗಳಲ್ಲಿ ಹಳೆಯ ರೂಢಿಯೇ ಹಾಗಿತ್ತು. ಓಡಲಾರದವನು, ದಪ್ಪಗಿದ್ದವನು, ಚೆಂಡು ಸಿಕ್ಕರೆ ಬೌಂಡರಿ ಆಚೆ ಒದೆಯುವವನು ಡಿಫೆನ್ಸ್‌ಗೆ. ಚುರುಕಿದ್ದವನು ಮುಂದೆ. ಆದರೆ ಆಟದ ನಿಯಮ ಬದಲಾಗಿ ಆ ಲೆಕ್ಕವೂ ತಿರುಗಿದೆ.

1992ಕ್ಕೆ ಮೊದಲು ಡಿಫೆಂಡರ್‌ಗೆ ಒಂದು ಸುಲಭ ದಾರಿ ಇತ್ತು. ಎದುರಾಳಿ ಮೈಮೇಲೆ ಬಂದರೆ ಚೆಂಡನ್ನು ಮೆಲ್ಲಗೆ ಗೋಲ್‌ಕೀಪರ್ ಕಡೆ ತಳ್ಳುವುದು, ಅವನು ಕೈಯಲ್ಲಿ ಎತ್ತಿಕೊಳ್ಳುವುದು. 1990ರ ವಿಶ್ವಕಪ್‌ನಲ್ಲಿ ಇದೇ ಆಟ ನೋಡಿ ನೋಡಿ ಜನಕ್ಕೆ ಬೇಸರ ಬಂತು. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂತು. ಸ್ವಂತ ತಂಡದವನು ಬೇಕಂತಲೇ ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಆಮೇಲೆ 2019ರಲ್ಲಿ ಇನ್ನೊಂದು ಬದಲಾವಣೆ. ಗೋಲ್ ಕಿಕ್ ಹೊಡೆದಾಗ ಚೆಂಡು ಪೆನಾಲ್ಟಿ ಬಾಕ್ಸ್ ದಾಟಿ ಹೋಗಲೇಬೇಕು ಅನ್ನುವುದು ಹೋಯಿತು. ಈಗ ಸ್ಟಾಪರ್ ಬಾಕ್ಸ್ ಒಳಗೇ ನಿಂತು ಕೀಪರ್ ಕೊಟ್ಟ ಚೆಂಡು ತಗೊಳ್ಳುತ್ತಾನೆ. ಎದುರಿಗೆ ಇಬ್ಬರು ಓಡಿ ಬರುತ್ತಿರುತ್ತಾರೆ. ಕಾಲು ಚೆನ್ನಾಗಿಲ್ಲದಿದ್ದರೆ ಅಲ್ಲೇ ಗೋಲು.

ಹಾಗಾಗಿ ಈಗಿನ ಕೋಚ್‌ಗಳು ಫಾರ್ವರ್ಡ್‌ನ ಕಾಲಿರುವ ಹುಡುಗನನ್ನೇ ಹಿಂದಕ್ಕೆ ತರುತ್ತಾರೆ. ನಿಮ್ಮ ಮಗನ ಕೋಚ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಮುಂದಿನ ವರ್ಷವೂ ಇವನನ್ನು ಅಲ್ಲೇ ಆಡಿಸುತ್ತೀರಾ, ಯಾಕೆ?" ಆಟ ಓದುತ್ತಾನೆ, ಮೊದಲ ಟಚ್ ಚೆನ್ನಾಗಿದೆ, ಎರಡೂ ಕಾಲಲ್ಲಿ ಪಾಸ್ ಕೊಡುತ್ತಾನೆ ಅಂದರೆ ಕೋಚ್ ಯೋಚನೆ ಮಾಡಿಯೇ ಹಾಕಿದ್ದಾರೆ. "ಬೇರೆ ಯಾರೂ ಇರಲಿಲ್ಲ" ಅಂದರೆ ಅದು ತಂಡದ ತುರ್ತು, ಹುಡುಗನ ಭವಿಷ್ಯ ಅಲ್ಲ. ಆಗ ಒಂದು ಸೀಸನ್ ನೋಡಿ ಮತ್ತೆ ಮಾತಾಡಿ.

ಈ ವಯಸ್ಸಿನಲ್ಲಿ ಜಾಗ ಖಾಯಂ ಆಗುವುದೂ ಇಲ್ಲ. ಗ್ಯಾರೆತ್ ಬೇಲ್ ಲೆಫ್ಟ್ ಬ್ಯಾಕ್ ಆಗಿ ಶುರು ಮಾಡಿ ಫಾರ್ವರ್ಡ್ ಆದರು. ಆಂಟೋನಿಯೊ ವೆಲೆನ್ಸಿಯಾ ವಿಂಗರ್ ಆಗಿದ್ದವರು ರೈಟ್ ಬ್ಯಾಕ್ ಆದರು. ಮಷೆರಾನೊ ಮಿಡ್‌ಫೀಲ್ಡರ್ ಆಗಿ ಬಾರ್ಸಿಲೋನಾಕ್ಕೆ ಹೋಗಿ ಸ್ಟಾಪರ್ ಆದರು. ಅಷ್ಟು ದೂರ ಯಾಕೆ, ನಮ್ಮ ದೇಶದ ದೊಡ್ಡ ಡಿಫೆಂಡರ್ ಜರ್ನೈಲ್ ಸಿಂಗ್ ಕಥೆ ಹೇಳಿ ಮಗನಿಗೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಲೀಗ್ ಹಂತದಲ್ಲಿ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಕೋಚ್ ರಹೀಮ್ ಸಾಹೇಬರು ಅವರನ್ನು ಹಿಂದೆ ನಿಲ್ಲಿಸದೆ ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೂ ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಅದಾದ ಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಇವತ್ತಿನವರೆಗೂ ಸಿಕ್ಕಿಲ್ಲ. (ತಲೆಗೆ ಹೊಲಿಗೆ ಇಟ್ಟುಕೊಂಡು ಆಡುವುದನ್ನು ಮಾತ್ರ ಇವತ್ತು ಯಾರೂ ಅನುಕರಣೆ ಮಾಡಬಾರದು. ಆ ಕಾಲವೇ ಬೇರೆ.)

ಹೆಸರಿಲ್ಲ ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಫಾರ್ವರ್ಡ್ ಹತ್ತು ಸಲ ತಪ್ಪಿಸಿ ಒಂದು ಸಲ ಹೊಡೆದರೆ ಮೈದಾನ ಕುಣಿಯುತ್ತದೆ. ಡಿಫೆಂಡರ್ ಹತ್ತು ಸಲ ಸರಿ ಮಾಡಿ ಒಂದು ಸಲ ತಪ್ಪಿದರೆ ಅದೊಂದೇ ನೆನಪಿರುತ್ತದೆ. ಯುರೋಪಿನ ಬ್ಯಾಲನ್ ಡಿ'ಓರ್ ಪ್ರಶಸ್ತಿ ಡಿಫೆಂಡರ್‌ಗಳಿಗೆ ಸಿಕ್ಕಿದ್ದು ಬಹಳ ಕಡಿಮೆ. ಬೆಕನ್‌ಬಾವರ್‌ಗೆ 1972 ಮತ್ತು 1976ರಲ್ಲಿ, ಸಾಮರ್‌ಗೆ 1996ರಲ್ಲಿ, ಕನ್ನವಾರೊಗೆ 2006ರಲ್ಲಿ. ಫ್ರಾನ್ಸಿನ ತುರಾಮ್ ದೇಶಕ್ಕೆ 142 ಪಂದ್ಯ ಆಡಿ ಹೊಡೆದ ಗೋಲು ಎರಡೇ ಎರಡು. ಎರಡೂ ಒಂದೇ ದಿನ, 1998ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕ್ರೊವೇಷಿಯಾ ಮೇಲೆ! ನಮ್ಮಲ್ಲೂ ನೋಡಿ. 2019ರಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಕಪ್ ತಂದಿದ್ದು ಡಿಫೆಂಡರ್ ರಾಹುಲ್ ಭೇಕೆ, 117ನೇ ನಿಮಿಷದ ಕಾರ್ನರ್‌ಗೆ ಕೊಟ್ಟ ಹೆಡರ್‌ನಿಂದ. ಸೋತಿದ್ದು ಎಫ್‌ಸಿ ಗೋವಾ. ನಮ್ಮ ಊರಲ್ಲಿ ಎರಡೂ ಕಡೆಗೆ ಕೂಗುವವರು ಇದ್ದಾರಲ್ಲ, ಆ ರಾತ್ರಿ ಒಂದೇ ಮನೆಯಲ್ಲಿ ಮಾತು ಬಿಟ್ಟವರನ್ನು ನಾನು ಬಲ್ಲೆ. 2024-25ರಲ್ಲಿ ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ ವರ್ಷದ ಆಟಗಾರ ಅಂತ ಆರಿಸಿದ್ದೂ ಒಬ್ಬ ಡಿಫೆಂಡರನ್ನೇ, ಮೋಹನ್ ಬಗಾನ್ ನಾಯಕ ಶುಭಾಶಿಷ್ ಬೋಸ್ ಅವರನ್ನು.

ಇನ್ನರ್ಧ ಸತ್ಯವನ್ನು ಗೆಳೆಯರು ಹೇಳಿಲ್ಲ. ಡಿಫೆಂಡರ್ ತಡವಾಗಿ ಹಣ್ಣಾಗುತ್ತಾನೆ, ಜಾಸ್ತಿ ವರ್ಷ ಆಡುತ್ತಾನೆ. ಸ್ಟ್ರೈಕರ್‌ಗೆ ಮೊದಲ ಐದು ಹೆಜ್ಜೆಯ ವೇಗವೇ ಬಂಡವಾಳ, ಅದು 30 ದಾಟಿದ ಮೇಲೆ ಕರಗುತ್ತದೆ. ಸ್ಟಾಪರ್‌ಗೂ ವೇಗ ಬೇಕು, ಆದರೆ ಅವನು ಅನುಭವದಿಂದ ಎರಡು ಹೆಜ್ಜೆ ಮೊದಲೇ ಹೊರಡಲು ಕಲಿಯುತ್ತಾನೆ. ಮಾಲ್ದೀನಿ 1985ರಲ್ಲಿ 16ನೇ ವಯಸ್ಸಿಗೆ ಮಿಲಾನ್‌ಗೆ ಮೊದಲ ಪಂದ್ಯ ಆಡಿ, 2009ರಲ್ಲಿ 40 ದಾಟಿದ ಮೇಲೆ ನಿಲ್ಲಿಸಿದರು. ಪೋರ್ಚುಗಲ್‌ನ ಪೆಪೆ 2024ರ ಯೂರೊ ಆಡಿದಾಗ 41.

ನನಗೆ ಇವರೆಲ್ಲರಿಗಿಂತ ಹತ್ತಿರ ಅನ್ನಿಸುವುದು ಮಲಪ್ಪುರಂನ ಅನಸ್ ಎಡತೊಡಿಕ. ಮನೆ ನಡೆಸಲು ಆಟೋ ಓಡಿಸಿದ ಹುಡುಗ. ಮುಂಬೈ, ಪುಣೆ, ದೆಹಲಿ ಅಂತ ಕ್ಲಬ್ ಕ್ಲಬ್ ತಿರುಗಿ ವರ್ಷಗಟ್ಟಲೆ ಹಿಂದೆ ನಿಂತು ಆಡಿದರು. ಭಾರತ ತಂಡಕ್ಕೆ ಮೊದಲ ಪಂದ್ಯ ಆಡಿದ್ದು 2017ರ ಮಾರ್ಚ್‌ನಲ್ಲಿ, ಕಾಂಬೋಡಿಯಾ ವಿರುದ್ಧ. ಆಗ ಅವರಿಗೆ 30 ತುಂಬಿತ್ತು. ಅಷ್ಟೊತ್ತಿಗೆ ಎಷ್ಟೋ ಫಾರ್ವರ್ಡ್‌ಗಳು ನಿವೃತ್ತಿ ಮಾತಾಡುತ್ತಿರುತ್ತಾರೆ. 15ಕ್ಕೆ ನಿಮ್ಮ ಮಗನ ಹೆಸರು ಪೇಪರಿನಲ್ಲಿ ಬರಲಿಲ್ಲ ಅಂದರೆ ಏನೂ ಆಗಿಲ್ಲ. 19ಕ್ಕೂ ಬರದಿದ್ದರೆ ಆಗಲೂ ಬಾಗಿಲು ಮುಚ್ಚಿರುವುದಿಲ್ಲ.

ಹಾಗಂತ ನಯವಾದ ದಾರಿ ಅಂತ ನಾನು ಹೇಳುವುದಿಲ್ಲ. ಸಂದೇಶ್ ಝಿಂಗನ್ ಅವರನ್ನೇ ನೋಡಿ. ಚಂಡೀಗಢದ ಹುಡುಗ. 2011ರಲ್ಲಿ ಯುನೈಟೆಡ್ ಸಿಕ್ಕಿಂನಿಂದ ಶುರು. 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಸೇರಿ ಅದೇ ವರ್ಷ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಆದರು. 2019ರ ಅಕ್ಟೋಬರ್‌ನಲ್ಲಿ ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಪಟ್ಟಿ ಹರಿದು ಇಡೀ ಸೀಸನ್ ಹೋಯಿತು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2021ರಲ್ಲಿ ಕ್ರೊವೇಷಿಯಾದ ಶಿಬೆನಿಕ್ ಕ್ಲಬ್ಬಿಗೆ ಹೋದರು, ಭಾರತದ ಡಿಫೆಂಡರ್‌ಗೆ ಅಪರೂಪದ ಅವಕಾಶ. ಗಾಯ ಅಲ್ಲೂ ಬಿಡಲಿಲ್ಲ, ಕೆಲವೇ ತಿಂಗಳಲ್ಲಿ ವಾಪಸ್. ಆಮೇಲೆ ಬೆಂಗಳೂರು, ಆಮೇಲೆ ಗೋವಾ. 2024ರ ಏಷ್ಯನ್ ಕಪ್‌ನಲ್ಲಿ ಸಿರಿಯಾ ವಿರುದ್ಧ ಮತ್ತೆ ಮೊಣಕಾಲು. ದೇಶದ ಅತ್ಯುತ್ತಮ ಸ್ಟಾಪರ್‌ಗಳಲ್ಲಿ ಒಬ್ಬರ ಬದುಕೇ ಹೀಗಿದೆ. ಎತ್ತರಕ್ಕೆ ಹೋದಷ್ಟೂ ಮೈ ಕೊಡಬೇಕಾದ ಬೆಲೆ ಜಾಸ್ತಿ.

ಎತ್ತರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 15ಕ್ಕೆ 5 ಅಡಿ 7 ಇಂಚು ಅಂದರೆ ಇನ್ನೂ ಬೆಳೆಯುವ ಹುಡುಗ. ಬೆಳೆಯದಿದ್ದರೂ ವಿಶ್ವಕಪ್ ಗೆದ್ದ ಕನ್ನವಾರೊ 5 ಅಡಿ 9 ಇಂಚಿನ ಆಸುಪಾಸು. ಭಾರತದ ಕ್ಲಬ್‌ಗಳು ಸ್ಟಾಪರ್ ಅಂದರೆ ಆರಡಿ ಹುಡುಕುತ್ತವೆ ಅನ್ನುವುದು ನಿಜ. ಆದರೆ ಸೈಡ್ ಬ್ಯಾಕ್ ಜಾಗಕ್ಕೆ ಆ ಹಟ ಇಲ್ಲ. ಜರ್ಮನಿಗೆ ನಾಯಕನಾಗಿ 2014ರ ವಿಶ್ವಕಪ್ ಎತ್ತಿದ ಫಿಲಿಪ್ ಲಾಮ್ 1.70 ಮೀಟರ್. ನಿಮ್ಮ ಮಗ ಮುಂದೆ ಆಡಿದ ಹುಡುಗ, ಓಟ ಇರುತ್ತದೆ. ಎತ್ತರ ನಿಂತುಹೋದರೆ ರೈಟ್ ಬ್ಯಾಕ್ ಅಥವಾ ಲೆಫ್ಟ್ ಬ್ಯಾಕ್ ಜಾಗ ಇದ್ದೇ ಇದೆ. ಎಡಗಾಲಿನವನಾಗಿದ್ದರೆ ಇನ್ನೂ ಒಳ್ಳೆಯದು, ಎಡಗಾಲಿನ ಡಿಫೆಂಡರ್‌ಗೆ ಎಲ್ಲ ಕಡೆ ಬೇಡಿಕೆ.

ನೀವು ಬೌಂಡರಿ ಪಕ್ಕ ನಿಂತು ಮ್ಯಾಚ್ ನೋಡುವಾಗ ಏನು ನೋಡಬೇಕು? ಎಲ್ಲರೂ ಟ್ಯಾಕಲ್ ನೋಡಿ ಚಪ್ಪಾಳೆ ಹೊಡೆಯುತ್ತಾರೆ. ಜೂನ್ ಜುಲೈ ಮಳೆಯಲ್ಲಿ ನಮ್ಮ ಕೆಂಪು ಕೆಸರಿನ ಮೈದಾನದಲ್ಲಿ ಉದ್ದಕ್ಕೆ ಜಾರಿ ಚೆಂಡು ಕಿತ್ತರೆ ಜನಕ್ಕೆ ಖುಷಿಯೋ ಖುಷಿ. ನಾನು ಆ ಹುಡುಗನಿಗೆ ಕೇಳುತ್ತೇನೆ, ನೀನು ಯಾಕೆ ಅಷ್ಟು ತಡವಾಗಿ ಬಂದೆ ಅಂತ. ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಜಾರುವ ಕೆಲಸವೇ ಬೀಳುತ್ತಿರಲಿಲ್ಲ. ಜಾರಿದ ಮೇಲೆ ಅವನು ನೆಲದಲ್ಲಿ ಬಿದ್ದಿರುತ್ತಾನೆ. ತಪ್ಪಿದರೆ ತಂಡ ಹತ್ತೇ ಜನ. ಹಿಂದಿನಿಂದ ಕಾಲಿಗೆ ಹೋದರೆ ಕೆಂಪು ಕಾರ್ಡ್ ಬೇರೆ.

ಅದರ ಬದಲು ಚೆಂಡು ಆ ತುದಿಯಲ್ಲಿದ್ದಾಗ ನಿಮ್ಮ ಮಗನನ್ನು ನೋಡಿ. ಸುಮ್ನೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಾನಾ, ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದಾನಾ? ಒಳ್ಳೆಯ ಡಿಫೆಂಡರ್‌ನ ಕತ್ತು ಸುಮ್ಮನಿರುವುದಿಲ್ಲ. ತಾನು ಮಾರ್ಕ್ ಮಾಡಬೇಕಾದವನು ಎಲ್ಲಿದ್ದಾನೆ, ಪಕ್ಕದ ಸ್ಟಾಪರ್ ಎಲ್ಲಿದ್ದಾನೆ, ಹಿಂದೆ ಎಷ್ಟು ಜಾಗ ಖಾಲಿ ಇದೆ, ಕೀಪರ್ ಎಷ್ಟು ಮುಂದೆ ಬಂದಿದ್ದಾನೆ. ಇದನ್ನೆಲ್ಲ ಚೆಂಡು ಬರುವ ಮೊದಲೇ ನೋಡಿಟ್ಟುಕೊಳ್ಳಬೇಕು. ಫಾರ್ವರ್ಡ್ ಎದುರಿಗೆ ಬಂದಾಗ ಎದೆ ಕೊಟ್ಟು ನೇರ ನಿಂತಿದ್ದಾನಾ, ಮೈ ಅರ್ಧ ತಿರುಗಿಸಿ ನಿಂತಿದ್ದಾನಾ? ನೇರ ನಿಂತರೆ ಎರಡು ಕಾಲಿನ ನಡುವೆ ಚೆಂಡು ಹೋಗುತ್ತದೆ, ತಿರುಗುವಷ್ಟರಲ್ಲಿ ಆಸಾಮಿ ಪಾರು. ಮೈ ತಿರುಗಿಸಿ, ಒಂದು ತೋಳಿನಷ್ಟು ದೂರ ಇಟ್ಟು, ಅವನನ್ನು ಬೌಂಡರಿ ಗೆರೆ ಕಡೆ ತಳ್ಳುತ್ತಾ ಹಿಂದಕ್ಕೆ ಹೋಗಬೇಕು. ಆ ಕಡೆ ಗೆರೆಯೇ ಇನ್ನೊಬ್ಬ ಡಿಫೆಂಡರ್. ಕಣ್ಣು ಚೆಂಡಿನ ಮೇಲೆ, ಅವನ ಕಾಲಿನ ಆಟದ ಮೇಲೆ ಅಲ್ಲ.

ಮೂರನೆಯದು ಬಾಯಿ. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಮುಂದಿನವರಿಗೆ ಬೆನ್ನ ಹಿಂದೆ ಕಣ್ಣಿಲ್ಲ. ಅವನು ಕೂಗಿ ಹೇಳಬೇಕು. ನಮ್ಮ ಬೆಳಗಾವಿಯ ಹುಡುಗರಿಗೆ ಇದರಲ್ಲಿ ಒಂದು ಲಾಭ ಇದೆ. ಒಂದೇ ಮ್ಯಾಚಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಕೂಗಿ ಬೆಳೆದಿರುತ್ತಾರೆ. ಗೋವಾಕ್ಕೆ ಹೋದರೆ ಕೊಂಕಣಿ ಬೇಗ ಕಲಿಯುತ್ತಾರೆ. ಮನೆಯಲ್ಲಿ ಮಾತು ಕಡಿಮೆ ಅನ್ನುವ ಹುಡುಗ ಮೈದಾನದಲ್ಲಿ ಕೂಗಲು ಕಲಿತರೆ ಅರ್ಧ ಡಿಫೆಂಡರ್ ಆದ ಹಾಗೆ.

ಒಂದು ಸಣ್ಣ ತಕರಾರು ನನ್ನದು. ಈಗ ಊರ ತುಂಬ ಬಾಡಿಗೆ ಟರ್ಫ್ ಆಗಿವೆ. ಸಂಜೆ ಐದೈದು ಜನ ಬಲೆಯೊಳಗೆ ಆಡುತ್ತಾರೆ. ಟಚ್ ಚುರುಕಾಗಲು ಒಳ್ಳೆಯದೇ. ಆದರೆ ಡಿಫೆಂಡರ್ ಕಲಿಯಬೇಕಾದ ದೊಡ್ಡ ಪಾಠಗಳಾದ ಆಫ್‌ಸೈಡ್ ಲೈನ್, ಬೆನ್ನ ಹಿಂದಿನ 30 ಮೀಟರ್ ಖಾಲಿ ಜಾಗ, ಮೇಲಿಂದ ಬರುವ ಉದ್ದ ಚೆಂಡು, ಇವು ಅಲ್ಲಿ ಇಲ್ಲವೇ ಇಲ್ಲ. ಲೇಲೆ ಮೈದಾನದಂಥ ಬಯಲಲ್ಲಿ ಹನ್ನೊಂದು ಜನರ ಆಟ ವಾರಕ್ಕೆ ಒಂದಾದರೂ ಸಿಗಬೇಕು.

ಈಗ ತಲೆಯ ವಿಷಯ. ನಿಮ್ಮ ಹೆದರಿಕೆ ಸುಳ್ಳಲ್ಲ ಅಕ್ಕಾ. ಇದನ್ನು ಹಗುರ ಮಾಡಿ ಹೇಳುವ ಕೋಚ್‌ಗಳನ್ನು ನಂಬಬೇಡಿ.

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳ ಜೊತೆ ಇಟ್ಟು ನೋಡಿದರು. 2019ರಲ್ಲಿ ಮೊದಲ ಫಲಿತಾಂಶ ಬಂತು. ಮರೆಗುಳಿ ಕಾಯಿಲೆಯಂಥ ಮೆದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು. ಹೃದಯದ ಕಾಯಿಲೆಯಿಂದ ಸಾಯುವುದು ಮಾತ್ರ ಅವರಲ್ಲಿ ಕಡಿಮೆ. 2021ರಲ್ಲಿ ಅದನ್ನೇ ಜಾಗದ ಪ್ರಕಾರ ಬಿಡಿಸಿದರು. ಡಿಫೆಂಡರ್‌ಗಳಲ್ಲಿ ಇಂಥ ರೋಗದ ಸಂಭವ ಎಲ್ಲರಿಗಿಂತ ಜಾಸ್ತಿ, ಸುಮಾರು ಐದು ಪಟ್ಟು. ಚೆಂಡನ್ನು ಅಪರೂಪಕ್ಕೆ ತಲೆಯಲ್ಲಿ ಹೊಡೆಯುವ ಗೋಲ್‌ಕೀಪರ್‌ಗಳಲ್ಲಿ ಅಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ಜಾಸ್ತಿ ವರ್ಷ ಆಡಿದವರಿಗೆ ಅಪಾಯವೂ ಜಾಸ್ತಿ.

ಇದನ್ನು ಓದಿ ಗಾಬರಿಯಾಗುವ ಮೊದಲು ಎರಡು ವಿಷಯ ಗಮನಿಸಿ. ಅವರೆಲ್ಲ ಹಿಂದಿನ ತಲೆಮಾರಿನ ಆಟಗಾರರು. ಮಳೆ ನೀರು ಕುಡಿದು ಭಾರವಾಗುವ ಚರ್ಮದ ಚೆಂಡಿನ ಕಾಲವೂ ಅದರಲ್ಲಿ ಸೇರಿದೆ. ಎರಡನೆಯದು, ಅವರು ವೃತ್ತಿಪರರು, ವರ್ಷಗಟ್ಟಲೆ ದಿನವೂ ಹೆಡಿಂಗ್ ಅಭ್ಯಾಸ ಮಾಡಿದವರು. ಶಾಲೆಯ ಹುಡುಗನ ಲೆಕ್ಕ ಬೇರೆ. ಆದರೂ ಬೇರೆ ದೇಶಗಳು ಸುಮ್ಮನೆ ಕೂತಿಲ್ಲ. ಅಮೆರಿಕ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗ್ ಬೇಡ ಅಂದಿತು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಹೆಡಿಂಗ್ ತೆಗೆದವು. 2021-22ರಿಂದ ಇಂಗ್ಲೆಂಡಿನ ವೃತ್ತಿಪರರಿಗೂ ಒಂದು ಮಿತಿ ಬಂತು. ಜೋರಾಗಿ ಬರುವ ಚೆಂಡಿಗೆ ತಲೆ ಕೊಡುವುದು ತರಬೇತಿಯಲ್ಲಿ ವಾರಕ್ಕೆ 10ಕ್ಕಿಂತ ಹೆಚ್ಚು ಬೇಡ ಅಂತ.

ದೊಡ್ಡ ವೃತ್ತಿಪರರಿಗೇ ವಾರಕ್ಕೆ 10 ಅಂದಮೇಲೆ, 15ರ ಹುಡುಗನಿಗೆ ಒಂದೇ ಸಂಜೆ ಸಾಲಾಗಿ ಐವತ್ತು ಕಾರ್ನರ್ ಹಾಕಿ ಹೊಡೆಸುವುದು ತರಬೇತಿ ಅಲ್ಲ. ಕೋಚ್‌ಗೆ ಇದನ್ನು ನಯವಾಗಿ ಹೇಳಿ. ಹೆಡಿಂಗ್ ಕ್ರಮ ಕಲಿಯಲಿ, ಆದರೆ ಕೈಯಲ್ಲಿ ಮೆಲ್ಲಗೆ ಎಸೆದ ಹಗುರ ಚೆಂಡಿನಿಂದ. ಹಣೆಯಿಂದ ಹೊಡೆಯಬೇಕು, ನೆತ್ತಿಯಿಂದ ಅಲ್ಲ. ಕತ್ತು ಬಿಗಿ ಇರಬೇಕು. ಕಣ್ಣು ತೆರೆದಿರಬೇಕು. ಎದೆಯಲ್ಲಿ ತೆಗೆದುಕೊಳ್ಳಬಹುದಾದ ಚೆಂಡಿಗೆ ತಲೆ ಕೊಡುವ ಅಗತ್ಯವಿಲ್ಲ. ಇನ್ನೊಬ್ಬರ ತಲೆಗೆ ತಲೆ ಬಡಿದರೆ ಅವತ್ತಿನ ಆಟ ಮುಗಿಯಿತು. "ನಾನು ಚೆನ್ನಾಗಿದ್ದೀನಿ" ಅಂತ ಹುಡುಗ ಎಷ್ಟೇ ಹೇಳಲಿ, ಅದೇ ದಿನ ಮತ್ತೆ ಇಳಿಸಬಾರದು. ವಾಂತಿ, ತೂಕಡಿಕೆ, ಮಾತಿನಲ್ಲಿ ಗೊಂದಲ ಇದ್ದರೆ ತಡ ಮಾಡದೆ ಆಸ್ಪತ್ರೆಗೆ.

ಮೊಣಕಾಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಎಲುಬು ಉಬ್ಬಿ ನೋವು ಬರುವುದು ಸಾಮಾನ್ಯ. ಎಲುಬು ಉದ್ದವಾಗುವ ವೇಗಕ್ಕೆ ಸ್ನಾಯು ಹೊಂದಿಕೊಳ್ಳದೆ ಎಳೆಯುವುದರಿಂದ ಹೀಗಾಗುತ್ತದೆ. ಅದು ತಾನಾಗಿ ಕಡಿಮೆಯಾಗುತ್ತದೆ, ಆದರೆ ಆ ತಿಂಗಳುಗಳಲ್ಲಿ ಓಟ, ಜಿಗಿತ ಕಡಿಮೆ ಮಾಡಬೇಕು. ನೋವು ನುಂಗಿ ಆಡು ಅನ್ನುವುದು ತಪ್ಪು. ಇನ್ನು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರ 11 ಪ್ಲಸ್ ಅನ್ನುವ ವಾರ್ಮ್‌ಅಪ್ ಇದೆ. 20 ನಿಮಿಷದ ಕೆಲಸ, ಚೆಂಡು ಬಿಟ್ಟರೆ ಬೇರೆ ಸಾಮಾನು ಬೇಡ. ವಾರಕ್ಕೆ ಎರಡು ಮೂರು ಸಲ ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮಲ್ಲಿ ಎಷ್ಟು ಶಾಲೆ ಮಾಡಿಸುತ್ತವೆ? ಎರಡು ಸುತ್ತು ಓಡಿಸಿ ಮ್ಯಾಚಿಗೆ ಇಳಿಸುತ್ತಾರೆ. ಎಸಿಎಲ್ ಹರಿದರೆ ಆಪರೇಷನ್, ಆಮೇಲೆ ಒಂಬತ್ತು ತಿಂಗಳು ಹೊರಗೆ. ಬೇಡವೇ ಬೇಡ.

ಇನ್ನು ಬೆಳಗಾವಿಯಿಂದ ಹೊರಗೆ ಹೋಗುವ ದಾರಿ. ಕಂಟೋನ್ಮೆಂಟ್ ಇದ್ದ ಊರು, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರು, ಒಂದು ಕಡೆ ಗೋವಾ, ಇನ್ನೊಂದು ಕಡೆ ಫುಟ್‌ಬಾಲ್ ಹುಚ್ಚಿನ ಕೊಲ್ಲಾಪುರ. ಕ್ಯಾಂಪಿನ ಮಿಷನ್ ಶಾಲೆಗಳಲ್ಲಿ ತಲೆಮಾರುಗಳಿಂದ ಈ ಆಟ ಇದೆ. 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಅನಿಕೇತ್ ಜಾಧವ್ ಕೊಲ್ಲಾಪುರದ ಹುಡುಗ. ಹಾಗಾಗಿ ನಮ್ಮದು ಫುಟ್‌ಬಾಲ್ ಗೊತ್ತಿಲ್ಲದ ಸೀಮೆ ಅಲ್ಲ. ಕೊರತೆ ಇರುವುದು ವರ್ಷಪೂರ್ತಿ ನಡೆಯುವ ಗಟ್ಟಿ ಲೀಗ್‌ನದು.

ನನ್ನ ಅಭಿಪ್ರಾಯ ಕೇಳಿದರೆ ಡಿಫೆಂಡರ್‌ಗೆ ಮೊದಲು ಗೋವಾ. ಚೋರ್ಲಾ ಘಾಟ್ ಇಳಿದರೆ ಮೂರು ಗಂಟೆಯ ದಾರಿ. ಡೆಂಪೊ ಕ್ಲಬ್ ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದಿದೆ. 2016ರಲ್ಲಿ ಡೆಂಪೊ, ಸಾಲ್ಗಾಂವಕರ್, ಸ್ಪೋರ್ಟಿಂಗ್ ಮೂರೂ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಹಿಂದೆ ಸರಿದವು, ನಿಜ. ಆದರೂ ಅಲ್ಲಿ ಹಳ್ಳಿ ಹಳ್ಳಿಗೆ ಕ್ಲಬ್ಬು, ವಯಸ್ಸಿನ ಪ್ರಕಾರ ಲೀಗು ಇದೆ. ಡಿಫೆಂಡರ್ ಬೆಳೆಯುವುದು ಅಭ್ಯಾಸಕ್ಕಿಂತ ಮ್ಯಾಚಿನಿಂದ. ಪ್ರತಿ ವಾರ ಬೇರೆ ಬೇರೆ ಥರದ ಫಾರ್ವರ್ಡ್ ಎದುರಿಗೆ ಸಿಗಬೇಕು. ನಾನೂ ಆ ಲೀಗಿನಲ್ಲಿ ಹಿಂದೆ ನಿಂತು ಆಡಿದವನು, ಪಕ್ಷಪಾತ ಅಂದರೂ ಸರಿ.

ಬೆಂಗಳೂರಿನಲ್ಲಿ ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್ ಇದೆ. ಅಲ್ಲಿ ಆಡಿದವರು ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯ ಆಯ್ಕೆಗಾರರ ಕಣ್ಣಿಗೆ ಬೀಳುತ್ತಾರೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಟ್ರೋಫಿ ಗೆದ್ದಿದ್ದು 54 ವರ್ಷಗಳ ನಂತರ. ಅದಕ್ಕೆ ಮೊದಲು ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಶಾಲೆಯ ಹಂತದಲ್ಲಿ ಸುಬ್ರೊತೊ ಕಪ್ ಇದೆ, 17 ವರ್ಷದೊಳಗಿನ ವಿಭಾಗದಲ್ಲಿ ನಿಮ್ಮ ಮಗ ಇನ್ನೂ ಆಡಬಹುದು. ಆಮೇಲೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇಲ್ಲೇ ಇದೆಯಲ್ಲ. ಸಮವಸ್ತ್ರದ ದಾರಿಯನ್ನೂ ಮರೆಯಬೇಡಿ. ಸೇನೆ, ರೈಲ್ವೆ, ಪೊಲೀಸ್ ತಂಡಗಳಲ್ಲಿ ಆಟಗಾರರಿಗೆ ಕೋಟಾ ಇರುತ್ತದೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಆಟ ನಿಂತ ಮೇಲೂ ಕೆಲಸ ಉಳಿಯುತ್ತದೆ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣ ಇದೆ. 2025ರಲ್ಲಿ ಐಎಸ್‌ಎಲ್ ನಡೆಸುವ ಒಪ್ಪಂದದ ಗೊಂದಲದಿಂದ ಸೀಸನ್ ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಕೆಲವು ಕ್ಲಬ್‌ಗಳು ಆಟಗಾರರ ಸಂಬಳ ತಡೆಹಿಡಿದವು. ಭಾರತ ತಂಡಕ್ಕೆ ಆಡಿದವರೂ ಮನೆಯಲ್ಲಿ ಕೂತರು. ದೇಶದ ಅತಿ ದೊಡ್ಡ ಲೀಗಿನ ಕಥೆಯೇ ಹೀಗಿದ್ದರೆ, ಫುಟ್‌ಬಾಲ್ ಒಂದನ್ನೇ ನಂಬಿ ಓದು ಬಿಡು ಅಂತ ನಾನು ಯಾವ ಹುಡುಗನಿಗೂ ಹೇಳಲಾರೆ.

ಹಾಗಂತ ಅವನ ಅಪ್ಪನ ಮಾತಿಗೂ ನಾನು ಪೂರ್ತಿ ತಲೆ ಆಡಿಸುವುದಿಲ್ಲ. ಪಿಯುಸಿಯಿಂದ ಆಟ ಹಾಳಾಗುವುದಿಲ್ಲ, ಸೈನ್ಸ್ ಜೊತೆ ಅಂಟಿಕೊಂಡು ಬರುವ ಕೋಚಿಂಗ್‌ನಿಂದ ಹಾಳಾಗುತ್ತದೆ. ಬೆಳಿಗ್ಗೆ ಕಾಲೇಜು, ಸಂಜೆ ನೀಟ್ ಕ್ಲಾಸು, ಭಾನುವಾರ ಟೆಸ್ಟು. ಮ್ಯಾಚ್ ಆಡುವುದು ಯಾವಾಗ? 16ರಿಂದ 18 ಡಿಫೆಂಡರ್‌ಗೆ ಬಹಳ ಮುಖ್ಯವಾದ ವರ್ಷಗಳು. ಹುಡುಗರ ಆಟ ಬಿಟ್ಟು ಗಂಡಸರ ಜೊತೆ ಆಡಲು ಶುರು ಮಾಡುವ ಹೊತ್ತು. ಮಗನಿಗೆ ಡಾಕ್ಟರ್, ಎಂಜಿನಿಯರ್ ಆಗುವ ಆಸೆ ಸ್ವಂತಕ್ಕೆ ಇಲ್ಲದಿದ್ದರೆ ಕಾಮರ್ಸ್ ಕೊಡಿಸಿ. ಓದೂ ನಡೆಯುತ್ತದೆ, ಸಂಜೆಯೂ ಉಳಿಯುತ್ತದೆ. 18 ತುಂಬಿದ ಮೇಲೆ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್ ಮಾಡಿಸಿ. ತಾನು ಆಡುವ ಜಾಗವನ್ನು ಇನ್ನೊಬ್ಬರಿಗೆ ಕಲಿಸಲು ಹೊರಟಾಗ ತನ್ನ ಆಟವೂ ತಿದ್ದಿಕೊಳ್ಳುತ್ತದೆ, ಮುಂದೆ ಹೊಟ್ಟೆಪಾಡಿಗೂ ಆಗುತ್ತದೆ.

ಕೊನೆಗೆ ಆ ಹಣ ಕೇಳಿದ ಮನುಷ್ಯ. ಈಗ ಆಟಗಾರರ ಏಜೆಂಟ್ ಆಗಬೇಕಾದರೆ ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಿರಬೇಕು. ಮೊದಲು ಅವರ ಲೈಸೆನ್ಸ್ ಕೇಳಿ. ಅಲ್ಲಿಗೇ ಅರ್ಧ ಜನ ಮಾಯವಾಗುತ್ತಾರೆ. ಇದ್ದರೂ 18 ತುಂಬದ ಹುಡುಗನ ಜೊತೆ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ವ್ಯವಹಾರ ಮಾಡುವಂತಿಲ್ಲ. ಅರ್ಜಿ ಶುಲ್ಕ ಅಂತ ಕೆಲವು ಅಕಾಡೆಮಿಗಳು ಒಂದಿಷ್ಟು ತಗೊಳ್ಳಬಹುದು, ರಸೀದಿ ಕೊಡುತ್ತವೆ. ಆದರೆ "ಸೇರಿಸುತ್ತೇನೆ" ಅನ್ನುವುದಕ್ಕೆ ಹಣ ಕೇಳಿದರೆ ಅದು ದಂಧೆ. ಟ್ರಯಲ್ಸ್ ಇದ್ದರೆ ಕ್ಲಬ್ಬು ತಾನೇ ಪ್ರಕಟಿಸುತ್ತದೆ. ಕ್ಲಬ್ಬಿನ ಆಫೀಸಿಗೆ ನೇರ ಫೋನ್ ಮಾಡಿ ಕೇಳಿ, ಐದು ನಿಮಿಷದ ಕೆಲಸ.

ಮುಂದೆ ಕರಾರು ಅಂತ ಬಂದರೆ ಕೆಲವು ನಿಯಮ ಗೊತ್ತಿರಲಿ. 18 ತುಂಬದ ಆಟಗಾರನ ಜೊತೆ ಮೂರು ವರ್ಷಕ್ಕಿಂತ ಉದ್ದದ ಕರಾರು ಫಿಫಾ ಒಪ್ಪುವುದಿಲ್ಲ. ಸಹಿ ಆದ ಮೇಲೆ ಮೆಡಿಕಲ್‌ನಲ್ಲಿ ಫೇಲ್ ಅಂತ ರದ್ದು ಮಾಡುವ ಷರತ್ತು ನಡೆಯುವುದಿಲ್ಲ, ಪರೀಕ್ಷೆ ಮೊದಲೇ ಮುಗಿಸಿಕೊಳ್ಳಬೇಕು. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ ಬರಹದಲ್ಲಿ ನೋಟಿಸ್ ಕೊಟ್ಟು 15 ದಿನ ಕಾದು ಆಟಗಾರ ಹೊರಗೆ ಬರಬಹುದು. ಹುಡುಗನನ್ನು ಬೆಳೆಸಿದ ಕ್ಲಬ್‌ಗೆ ತರಬೇತಿ ಪರಿಹಾರ ಅಂತ ಸಿಗುತ್ತದೆ, ಆದರೆ ಅದು ಕ್ಲಬ್ಬು ಕ್ಲಬ್ಬಿನ ನಡುವಿನ ಲೆಕ್ಕ. ಬೇರೆ ಕಡೆ ಹೋಗಲು ಎನ್‌ಒಸಿ ಬೇಕು ಅಂತ ಯಾರಾದರೂ ನಿಮ್ಮ ಹತ್ತಿರ ಹಣ ಕೇಳಿದರೆ ಕೊಡಬೇಡಿ, ಬರಹದಲ್ಲಿ ಕೊಡಿ ಅನ್ನಿ.

ಈ ವರ್ಷವೇ ಮಾಡಬೇಕಾದ ಕೆಲಸ ಇದು. ಮಗ ಯಾವುದಾದರೂ ಕ್ಲಬ್ ಮೂಲಕ ಎಐಎಫ್‌ಎಫ್‌ನ ಸಿಆರ್‌ಎಸ್‌ನಲ್ಲಿ (ಆಟಗಾರರ ಹೆಸರು ದಾಖಲಿಸುವ ವ್ಯವಸ್ಥೆ) ನೋಂದಣಿ ಆಗಿದ್ದಾನಾ ವಿಚಾರಿಸಿ. ಆಗಿಲ್ಲದಿದ್ದರೆ ಮಾಡಿಸಿ. ಹುಟ್ಟಿದ ಆಸ್ಪತ್ರೆಯ ದಾಖಲೆ, ಪಾಲಿಕೆಯ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಆಧಾರ್ ಎಲ್ಲದರಲ್ಲೂ ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ವಯಸ್ಸು ಕಡಿಮೆ ತೋರಿಸಿದರೆ ಲಾಭ ಅಂತ ಹೇಳುವವರು ಸಿಗುತ್ತಾರೆ. ಕಿರಿಯರ ಪಂದ್ಯಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ಅಳೆಯುತ್ತಾರೆ. ಸಿಕ್ಕಿಬಿದ್ದರೆ ನಿಷೇಧ, ಹುಡುಗನ ಹೆಸರು ಅಲ್ಲಿಗೇ ಕೆಡುತ್ತದೆ. ದಾಖಲೆಯಲ್ಲಿ ಅಕ್ಷರ ದೋಷ ಇದ್ದರೆ ಹತ್ತನೇ ಕ್ಲಾಸಿನ ಅಂಕಪಟ್ಟಿ ಬರುವ ಮೊದಲೇ ಸರಿ ಮಾಡಿಸಿಕೊಳ್ಳಿ, ಆಮೇಲೆ ಬಹಳ ಓಡಾಟ.